ಹವಾಲ್ದಾರರ ಪದ್ಯಕ್ಕೆ ಹತ್ತಕ್ಕೆ ನಾಲ್ಕೂವರೆ

ಮೊನ್ನೆ ಬ್ಯಾಂಕಿನಲ್ಲಿ ಒಬ್ಬರು, "ಮೇಡಂ, ಒಂದ್ನಿಮಿಷ ಪೆನ್ ಕೊಡ್ತೀರಾ?" ಅಂದರು. ವ್ಯಾನಿಟಿ ಬ್ಯಾಗಿನ ಸೈಡ್ ಜಿಪ್ಪಿಗೆ ಕೈ ಹಾಕಿ, ಸಿಕ್ಕಿದ್ದನ್ನು ಕೊಟ್ಟೆ. ಅವರು ಕ್ಯಾಪ್ ತೆಗೆದು ನೋಡಿ ತಕ್ಷಣ ವಾಪಸ್ ಕೊಟ್ಟುಬಿಟ್ಟರು. "ಕೆಂಪು ಮೇಡಂ ಇದು. ಚಲನ್ ತಗೊಳಲ್ಲ." ನಿಜ. ನನ್ನ ಬ್ಯಾಗಿನಲ್ಲಿ ಬೇರೆ ಬಣ್ಣದ ಪೆನ್ನು ಇರುವುದೇ ಇಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ರಿಟೈರ್‌ಮೆಂಟ್ ಆರ್ಡರು ನನಗೆ ಬಂತೇ ಹೊರತು ನನ್ನ ಪೆನ್ನಿಗೆ ಬರಲಿಲ್ಲ.

ಹೆಸರು ವನಜಾಕ್ಷಿ. ತಾವರೆಯಂಥ ಕಣ್ಣಿನವಳು ಅಂತ ಅರ್ಥ. ಹೆಸರಲ್ಲೇ ಉಪಮಾಲಂಕಾರ ಇಟ್ಟುಕೊಂಡು ಹುಟ್ಟಿದವಳ ಮೂಗಿನ ಮೇಲೆ ಆರನೇ ಕ್ಲಾಸಿನಿಂದಲೇ ಸೋಡಾಬುಡ್ಡಿ ಕನ್ನಡಕ ಬಂದು ಕೂತಿತು. ಆ ಕನ್ನಡಕದಲ್ಲಿ ಪ್ರಪಂಚ ಹೇಗೆ ಕಂಡಿತೋ ಗೊತ್ತಿಲ್ಲ, ಅದರಲ್ಲಿರೋ ತಪ್ಪು ಮಾತ್ರ ಚೆನ್ನಾಗಿ ಕಂಡಿತು. ಮದುವೆ ಕಾರ್ಡು ಕೊಡೋಕೆ ಬಂದವರ ಮುಂದೆಯೇ ಕಾರ್ಡು ತಿದ್ದಿ ವಾಪಸ್ ಕೊಟ್ಟಿದ್ದೇನೆ. ದರ್ಶಿನಿ ಹೋಟೆಲಿನವನು ನನ್ನನ್ನು ಕಂಡರೆ ಮೆನು ಬೋರ್ಡಿನ ಮುಂದೆ ಬಂದು ಅಡ್ಡ ನಿಲ್ಲುತ್ತಾನೆ.

ಇದೆಲ್ಲ ಹೋಗಲಿ. ನಿಶ್ಚಿತಾರ್ಥ ಆದ ಮೇಲೆ ನಮ್ಮ ಯಜಮಾನರು ಒಂದು ಪತ್ರ ಬರೆದಿದ್ದರು. ಪಾಪ, ಇಪ್ಪತ್ತಾರು ವರ್ಷದ ಹುಡುಗ, ಜೀವನದಲ್ಲಿ ಮೊದಲ ಸಲ ಹುಡುಗಿಗೆ ಬರೆದ ಪತ್ರ. "ನಿನ್ನ ಮುಖ ಚಂದ್ರನಂತಿದೆ" ಅಂತ ಶುರು ಮಾಡಿದ್ದರು. ನಾನು ಆ ಸಾಲಿನ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ "ಸವೆದ ಉಪಮೆ, ಹೊಸದನ್ನು ಯೋಚಿಸಿ" ಅಂತ ಬರೆದು, ಅದೇ ಕವರಿನಲ್ಲಿ ವಾಪಸ್ ಕಳಿಸಿದೆ. ಆಗ ನಾನಿನ್ನೂ ಬಿ.ಎಡ್. ಓದುತ್ತಿದ್ದೆ, ಕೈ ತುರಿಸುತ್ತಿತ್ತು. ಅವರು ಹೊಸದನ್ನು ಯೋಚಿಸಲಿಲ್ಲ. ಮೂವತ್ತೆಂಟು ವರ್ಷವಾಯಿತು, ಹೋಲಿಕೆಯ ತಂಟೆಗೇ ಹೋಗಿಲ್ಲ. ಇವತ್ತಿಗೂ "ಕಾಫಿ ಹೇಗಿದೆ ರೀ?" ಅಂದರೆ, ಒಂದು ಗುಟುಕು ಕುಡಿದು, ಹುಷಾರಾಗಿ, "ಕಾಫಿ ಥರ ಇದೆ" ಅಂತಾರೆ.

ಈ ರೋಗ ನನಗೆ ಹತ್ತಿದ್ದು ಸಿದ್ದಾಪುರದಲ್ಲಿ. ಲಾಲ್‌ಬಾಗಿನ ಆ ಕಡೆ ಗೇಟಿನ ಹತ್ತಿರ ಒಂದು ಗಲ್ಲಿಯಲ್ಲಿ ನಮ್ಮ ಮನೆ. ಸ್ಕೂಲಿನಲ್ಲಿ ಶಾಮಣ್ಣ ಮೇಷ್ಟ್ರು ಅಂತ ಇದ್ದರು, ಕೈಯಲ್ಲಿ ಮರದ ಸ್ಕೇಲು. ಪದ್ಯ ಓದಿ ಯಾರಾದರೂ ಅಳಬಹುದು, ನಗಬಹುದು ಅನ್ನೋದು ಅವರಿಗೆ ತಿಳಿದೇ ಇರಲಿಲ್ಲ. ಪದ್ಯ ಇರುವುದು ಅಲಂಕಾರ ಹುಡುಕೋಕೆ. "ಯಾವುದನ್ನ ಹೋಲಿಸಿದ್ದಾರೆ? ಉಪಮೇಯ! ಯಾವುದಕ್ಕೆ ಹೋಲಿಸಿದ್ದಾರೆ? ಉಪಮಾನ! ಲಕ್ಷಣ ಬರೆದು ಸಮನ್ವಯ ಮಾಡಿ. ಮೂರು ಮಾರ್ಕು!" ಯುದ್ಧದ ಪದ್ಯ ಬಂದರಂತೂ ಅವರಿಗೆ ಹಬ್ಬ. ತಲೆಗಳು ತೆಂಗಿನಕಾಯಿಯಂತೆ, ರಕ್ತ ಹೊಳೆಯಂತೆ, ಬಾಣ ಮಳೆಯಂತೆ. ನಾವು ಅರವತ್ತು ಹುಡುಗಿಯರು ಸತ್ತವರನ್ನೆಲ್ಲ ಉಪಮೇಯದ ಕಡೆ ಹಾಕಿ, ಮೂರು ಮೂರು ಮಾರ್ಕು ತೆಗೆದುಕೊಂಡು ಮನೆಗೆ ಹೋಗುತ್ತಿದ್ದೆವು. ವೀರ ಸತ್ತರೆ ಅವನು ಬುಡ ಕಡಿದ ಬಾಳೆಯಂತೆ ಬೀಳಬೇಕು. ಅದು ಕಾನೂನು.

ಬುಡ ಕಡಿದ ಬಾಳೆ ನಿಜವಾಗಿ ಹೇಗೆ ಬೀಳುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಒಂದು ಆಯುಧಪೂಜೆಯ ದಿನ ಚಿಕ್ಕಪ್ಪ ತಮ್ಮ ಸ್ಕೂಟರಿಗೆ ಕಟ್ಟೋಕೆ ಅಂತ ಹಿತ್ತಿಲಿನ ಬಾಳೆಗೆ ಮಚ್ಚು ಹಾಕಿದರು. ಧೀರವಾಗಿ ಉರುಳುತ್ತೆ ಅಂತ ನಾನು ಪಕ್ಕದಲ್ಲೇ ಕಾದು ನಿಂತಿದ್ದೆ. ಅದು ಸ್ವಲ್ಪ ಹೊತ್ತು ಯೋಚನೆ ಮಾಡಿ, ಸುಸ್ತಾದವರ ಹಾಗೆ ಬಗ್ಗಿ, ಪಕ್ಕದ ಮನೆಯ ಬಟ್ಟೆ ಹಗ್ಗಕ್ಕೆ ಸಿಕ್ಕಿ, ಹಗ್ಗವನ್ನೂ ಅವರ ಬೆಡ್‌ಶೀಟನ್ನೂ ಎಳೆದುಕೊಂಡು ಬಚ್ಚಲ ಗುಂಡಿಗೆ ಬಿತ್ತು. ಅದರ ನೀರೆಲ್ಲ ನನ್ನ ಹೊಸ ಲಂಗದ ಮೇಲೆ. ಬಾಳೆಯ ಕರೆ ಬಟ್ಟೆಯಿಂದ ಹೋಗಲ್ಲ. ಆ ಲಂಗ ಅವತ್ತೇ ಒರೆಸುವ ಬಟ್ಟೆಯಾಯಿತು. ಇಷ್ಟೆಲ್ಲ ನೋಡಿಯೂ ಮಾರನೇ ವಾರದ ಟೆಸ್ಟಿನಲ್ಲಿ "ಬುಡ ಕಡಿದ ಬಾಳೆಯಂತೆ ವೀರನು ಧರೆಗುರುಳಿದನು" ಅಂತ ಬರೆದು ಮೂರಕ್ಕೆ ಮೂರು ತೆಗೆದುಕೊಂಡೆ. ಕಣ್ಣಿಗಿಂತ ಗೈಡೇ ದೊಡ್ಡದು ಅಂತ ನನಗೆ ಚಿಕ್ಕಂದಿನಲ್ಲೇ ಮನದಟ್ಟಾಗಿತ್ತು.

ಎಲ್ಲಿಂದ ಎಲ್ಲಿಗೋ ಹೋದೆ. ಹೇಳಬೇಕಾದ್ದು ಹವಾಲ್ದಾರ್ ಮುನಿರಾಜು ಅವರ ವಿಷಯ.

ಬನಶಂಕರಿ ಎರಡನೇ ಸ್ಟೇಜಿನ ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ನಗೆಕೂಟ ನಡೆಯುತ್ತೆ. ನಾವು ಹದಿನೈದು ಇಪ್ಪತ್ತು ಜನ ಹಿರಿಯರು ವೃತ್ತಾಕಾರವಾಗಿ ನಿಂತು, ಯಾವ ಜೋಕೂ ಇಲ್ಲದೆ ಹಾ ಹಾ ಹಾ ಅಂತೀವಿ. ಅದರಲ್ಲಿ ಮುನಿರಾಜು ಒಬ್ಬರೇ ಒನ್ ಟೂ ಥ್ರೀ ಲೆಕ್ಕಕ್ಕೆ ಸರಿಯಾಗಿ ನಗೋದು. ಸುಬ್ರಹ್ಮಣ್ಯಪುರದ ಹಳ್ಳಿ ಮನೆತನದವರು. ಸೈನ್ಯದಲ್ಲಿ ಹವಾಲ್ದಾರ್ ಆಗಿ, ರಿಟೈರ್ ಆಗಿ, ಆಮೇಲೆ ಹದಿನೈದು ವರ್ಷ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂತವರು. ಈಗ ಇಲ್ಲೇ ಮಗಳ ಮನೆಯಲ್ಲಿದ್ದಾರೆ. ಅವರು ವಾಕಿಂಗ್ ಮಾಡಲ್ಲ, ಮಾರ್ಚ್ ಮಾಡ್ತಾರೆ. ಎದುರಿಗೆ ಬಂದ ನಾಯಿ ಕೂಡ ಪಕ್ಕಕ್ಕೆ ಸರಿದು ದಾರಿ ಬಿಡುತ್ತೆ.

ಹೋದ ವರ್ಷ ನಮ್ಮ ಹಿರಿಯರ ಸಂಘದವರು ರಾಜ್ಯೋತ್ಸವ ಮಾಡಿದರು. ನಮ್ಮ ಬೆಂಗಳೂರಿನಲ್ಲಿ ರಾಜ್ಯೋತ್ಸವ ನವೆಂಬರ್ ಒಂದಕ್ಕೆ ಶುರುವಾಗಿ, ಹಾಲ್ ಸಿಕ್ಕಿದ ಹಾಗೆ ಜನವರಿವರೆಗೆ ನಡೆಯುತ್ತೆ. ನಮ್ಮದು ಡಿಸೆಂಬರ್ ಕೊನೇ ಭಾನುವಾರ. ಕವಿಗೋಷ್ಠಿ ಅಂದಮೇಲೆ ಅಧ್ಯಕ್ಷತೆ ನನ್ನದೇ, ಬಂದ ಪದ್ಯ ತಿದ್ದುವ ಕೆಲಸವೂ ನನ್ನದೇ. ಇಪ್ಪತ್ತೆರಡು ಕವಿಗಳು. ಅದರಲ್ಲಿ ಹದಿನಾಲ್ಕು ಜನ ತಾಯಿಯ ಮೇಲೆ, ಐದು ಜನ ಮೆಟ್ರೋ ಕೆಲಸದ ಮೇಲೆ ಬರೆದಿದ್ದರು.

ಒಂದು ದಿನ ನಗೆಕೂಟ ಮುಗಿದ ಮೇಲೆ ಮುನಿರಾಜು ನನ್ನ ಬೆಂಚಿನ ಮುಂದೆ ಬಂದು ಅಟೆನ್ಷನ್‌ನಲ್ಲಿ ನಿಂತರು. ಎಂಟಾಗಿ ಮಡಿಚಿದ ಹಾಳೆ ಕೊಟ್ಟರು. ಬಿಚ್ಚಿದರೆ ಅದು ಬ್ಯಾಂಕಿನ ಹಳೇ ಕ್ಯಾಲೆಂಡರಿನ ಒಂದು ಪುಟ, ಹಿಂದುಗಡೆ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ.

"ಮಿಸ್, ನೀವು ಸರಿ ಮಾಡ್ಕೊಡ್ಬೇಕು. ಅವತ್ತು ಗೋವಿಂದನ ಅಕ್ಕ ಬರ್ತಾರೆ."

ಗೋವಿಂದ ಯಾರು ಅಂತ ಕೇಳಿದೆ. ಅವರ ಜೊತೆ ಸೈನ್ಯದಲ್ಲಿದ್ದ ಹುಡುಗನಂತೆ. ಶ್ರೀನಗರದವನು. ಕಾಶ್ಮೀರದ್ದಲ್ಲ, ನಮ್ಮ ಹನುಮಂತನಗರದ ಪಕ್ಕದ್ದು. ಅದನ್ನು ರೆಜಿಮೆಂಟಿನಲ್ಲಿ ಬಿಡಿಸಿ ಹೇಳಿ ಹೇಳಿ ಅವನಿಗೇ ಸಾಕಾಗಿಹೋಗಿತ್ತಂತೆ. ಅಪ್ಪ ಅಮ್ಮ ಇಲ್ಲದವನು, ಅಕ್ಕ ಜಯಮ್ಮನೇ ಸಾಕಿದ್ದು. ಗಡಿಯಲ್ಲಿ ತೀರಿಕೊಂಡಾಗ ಮುನಿರಾಜು ಪಕ್ಕದಲ್ಲೇ ಇದ್ದರು. ಪೆಟ್ಟಿಗೆ ಊರಿಗೆ ಬಂದಾಗ ತೆಗೆಯಬೇಡಿ ಅಂತ ಹೇಳಿದ್ದರು, ಅಕ್ಕ ತಮ್ಮನ ಮುಖ ನೋಡಲಿಲ್ಲ.

"ಪ್ರತೀ ದೀಪಾವಳಿಗೆ ಅವರ ಮನೆಗೆ ಹೋಗ್ತೀನಿ ಮಿಸ್. ಮೊದಮೊದ್ಲು ಕೇಳೋರು, ಹೆಂಗಾಯ್ತಪ್ಪ, ನೀನಿದ್ಯಲ್ಲ ಅಂತ. ಬಾಯೇ ಬರ್ತಿರ್ಲಿಲ್ಲ. ಧೈರ್ಯವಾಗಿ ಹೋದ ಅಕ್ಕ ಅಂದು ಕಾಫಿ ಕುಡ್ದು ಬರ್ತಿದ್ದೆ. ಈಗ ಅವರೂ ಕೇಳೋದು ಬಿಟ್ಟಿದ್ದಾರೆ. ಅವರಿಗೂ ಎಪ್ಪತ್ತಾಯ್ತು. ಬಾಯಲ್ಲಿ ಹೇಳಕ್ಕಾಗ್ಲಿಲ್ಲ, ಪದ್ಯದಲ್ಲಾದ್ರೂ ಹೇಳ್ಬಿಡೋಣ ಅಂತ."

ಇಷ್ಟು ಸ್ಪಷ್ಟವಾಗಿ ಹೇಳಿದರು. ನಾನು ತಲೆಯನ್ನೂ ಆಡಿಸಿದೆ. ಆದರೆ ನನ್ನ ಕೈ ಆಗಲೇ ಜಿಪ್ಪು ತೆಗೆಯುತ್ತಿತ್ತು.

ಅವರು ಬರೆದಿದ್ದು ಇಷ್ಟು:

ಗುಡ್ಡದ ಮೇಲೆ ಕೂತಿದ್ವಿ ನಾನೂ ಗೋವಿಂದನೂ
ಊರಲ್ಲಿ ಈಗ ಅವರೆಕಾಯಿ ಕಾಲ ಅಂತ ಮಾತಾಡ್ತಿದ್ದ
ಒಂದು ಸದ್ದು ಬಂತು
ಬಸ್ಸಲ್ಲಿ ನಿದ್ದೆ ಬಂದವನ ಹಾಗೆ
ನನ್ನ ಎಡ ಭುಜಕ್ಕೆ ತಲೆ ಇಟ್ಟ
ಸ್ಟಾಪ್ ಬಂತು ಏಳೋ ಅಂದೆ
ಏಳಲಿಲ್ಲ
ಭುಜ ಅಲ್ಲಾಡಿಸದೆ ಕೂತಿದ್ದೆ
ಬೆಳಗಾಗೋವರೆಗೂ

ನಾನು ಮನೆಗೆ ತಂದು ಊಟದ ಟೇಬಲ್ಲಿನ ಮೇಲೆ ಹರಡಿಕೊಂಡೆ. ಅವರೆಕಾಯಿಗೆ ಸುತ್ತು ಹಾಕಿ "ವೀರರಸಕ್ಕೆ ಭಂಗ" ಅಂತ ಬರೆದೆ. "ಒಂದು ಸದ್ದು" ಅನ್ನೋದಕ್ಕೆ "ಯಾವ ಸದ್ದು? ವರ್ಣನೆ ಸಾಲದು." ಬಸ್ಸಿನ ಸಾಲನ್ನು ಈ ತುದಿಯಿಂದ ಆ ತುದಿಗೆ ಹೊಡೆದು ಹಾಕಿ, "ಉಪಮಾನ ಯುದ್ಧಕ್ಕೆ ಉಚಿತವಲ್ಲ, ಹಾಸ್ಯಾಸ್ಪದ" ಅಂದೆ. ಕೆಳಗೆ ಅಭ್ಯಾಸಬಲದಿಂದ ಹತ್ತಕ್ಕೆ ನಾಲ್ಕೂವರೆ ಅಂತ ಹಾಕಿ ಸಹಿಯನ್ನೂ ಮಾಡಿದೆ. ಅರ್ಧ ಮಾರ್ಕು ಅಕ್ಷರ ದುಂಡಗಿದ್ದದ್ದಕ್ಕೆ. ನಮ್ಮ ಯಜಮಾನರು ಮಜ್ಜಿಗೆ ಕುಡಿಯುತ್ತ ಆ ಹಾಳೆ ಎಳೆದುಕೊಂಡು ಓದಿದರು. ಲೋಟ ಕೆಳಗಿಟ್ಟು ಇನ್ನೊಂದು ಸಲ ಓದಿದರು.

"ಹೇಗಿದೆ?" ಅಂದೆ.

"ಪದ್ಯದ ಥರ ಇದೆ" ಅಂದರು. ಅವರು ಯಾವಾಗಲೂ ಹಾಗೇ ಅಲ್ಲವೇ ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಎರಡು ದಿನ ಕೂತು ಮುನಿರಾಜು ಅವರ ಪದ್ಯವನ್ನು ನಾನೇ ಹೊಸದಾಗಿ ಬರೆದೆ. ಬೆಳಗಿನ ಅಡುಗೆ ಎರಡು ದಿನವೂ ತಡವಾಯಿತು. ಪ್ರತಿಯೊಂದು ಗಣಕ್ಕೂ ಐದೈದು ಮಾತ್ರೆ ತೂಗಿ ಇಟ್ಟಿದ್ದೆ:

ಹಿಮಗಿರಿಯ ನೆತ್ತಿಯಲಿ ಸಿಂಹದೊಲು ಕುಳಿತಿರಲು
ಸಿಡಿಲಿನೊಲು ಬಂದೆರಗೆ ವೈರಿಪಡೆಯಾರ್ಭಟವು
ಬುಡ ಕಡಿದ ಬಾಳೆಯೊಲು ಧರೆಗುರುಳೆ ಗೋವಿಂದ
ದಾಸಾಳದಾ ಬನವು ಬೆಳ್ಳನೆಯ ಹಿಮವೆಲ್ಲ

ನಾಲ್ಕು ಸಾಲಿನಲ್ಲಿ ಮೂರು ಉಪಮೆ, ಒಂದು ರೂಪಕ: ಹಿಮದ ಮೇಲೆ ಚೆಲ್ಲಿದ ರಕ್ತವೇ ದಾಸವಾಳದ ತೋಟ. ಶಾಮಣ್ಣ ಮೇಷ್ಟ್ರು ಇದ್ದಿದ್ದರೆ ಸ್ಕೇಲು ಕೆಳಗಿಟ್ಟು ಅಳುತ್ತಿದ್ದರು. ಪಾರ್ಕಿನಲ್ಲಿ ಮುನಿರಾಜು ಅವರ ಮುಂದೆ ಓದಿ, ಐದೈದು ಮಾತ್ರೆ ಹೇಗೆ ಕೂತಿದೆ ಅಂತ ವಿವರಿಸಿದೆ. ಅವರು ಅದನ್ನು ಬಾಯಲ್ಲಿ ಒಂದು ಸಲ ಹೇಳಿಕೊಂಡರು.

"ಬಸ್ಸು ತೆಗ್ದುಬಿಟ್ರಾ ಮಿಸ್?"

"ವೀರಯೋಧ ರೀ ಅವನು! ಅವನನ್ನ ಸಿಟಿ ಬಸ್ಸಲ್ಲಿ ತೂಕಡಿಸೋ ಥರ ತೋರಿಸ್ತಾರಾ? ಜನ ನಗ್ತಾರೆ."

ಮುನಿರಾಜು ನನ್ನ ಹಾಳೆಯನ್ನು ಎಂಟಾಗಿ ಮಡಿಚಿದರು. "ಎಸ್ ಮಿಸ್" ಅಂದರು. ಸೈನ್ಯದಲ್ಲಿ ಮೇಲಿನವರು ಹೇಳಿದ ಮೇಲೆ ಮಾತಿಲ್ಲ. ನಾಲ್ಕು ದಿನದಲ್ಲಿ ಪೂರ್ತಿ ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸಿದರು.

ಭಾನುವಾರ ಹತ್ತೂವರೆ ಅಂದಿದ್ದ ಕಾರ್ಯಕ್ರಮ ಹನ್ನೊಂದೂಕಾಲಿಗೆ ಶುರುವಾಯಿತು. ಮೊದಲು ಸನ್ಮಾನ. ವೀರಯೋಧನ ಸಹೋದರಿ ಅಂತ ಜಯಮ್ಮನವರನ್ನು ವೇದಿಕೆಗೆ ಕರೆದರು. ಕುಳ್ಳಗೆ, ಗಟ್ಟಿಮುಟ್ಟಾದ ಹೆಂಗಸು, ಬೂದು ಬಣ್ಣದ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಫೋಟೋ ತೆಗೆಯುವವನು ಸೆಲ್ಲೋಫೇನ್ ಹಾಳೆ ಮಿಂಚುತ್ತೆ ಅಂತ ಬುಟ್ಟಿಯನ್ನು ಮೂರು ಸಲ ಕಿತ್ತುಕೊಂಡು ಮೂರು ಸಲ ಕೊಡಿಸಿದ. ಆಕೆ ಮೂರು ಸಲವೂ ಥ್ಯಾಂಕ್ಸ್ ಅಂದರು.

ಆಮೇಲೆ ಕವಿಗಳು. "ಒಂದೇ ಒಂದು ಚಿಕ್ಕ ಕವನ" ಅಂದು ಬಂದವರೆಲ್ಲ ಮೂರು ಮೂರು ಓದಿದರು. ನಾನು ಬೆಲ್ಲು ಹೊಡೆದರೆ ಚಪ್ಪಾಳೆ ಅಂದುಕೊಂಡು ಇನ್ನೊಂದು ಓದಿದರು. ಹನ್ನೊಂದನೆಯವರು ಮುನಿರಾಜು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಎದೆಯ ಮೇಲೆ ಮೆಡಲ್ಲು. ಮೈಕಿಗೆ ಸೆಲ್ಯೂಟ್ ಹೊಡೆದು, ಒಂದು ಅಕ್ಷರ ತಪ್ಪದೆ, ಗಣರಾಜ್ಯೋತ್ಸವದ ಕಮ್ಯಾಂಡ್ ಕೊಟ್ಟ ಹಾಗೆ ನನ್ನ ಪದ್ಯ ಹೇಳಿದರು. ಬಾಳೆ ಬಂದಾಗ ಹಿಂದಿನ ಸಾಲಿನವರು "ವ್ಹಾ" ಅಂದರು. ದಾಸಾಳಕ್ಕೆ ಹಾಲಿಗೆ ಹಾಲೇ ಚಪ್ಪಾಳೆ. ನಾನು ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಬೀಗುತ್ತಿದ್ದೆ.

ಆಗ ನನ್ನ ಕಣ್ಣು ಮೊದಲನೇ ಸಾಲಿಗೆ ಬಿತ್ತು. ಜಯಮ್ಮ ಚಪ್ಪಾಳೆ ತಟ್ಟುತ್ತಿರಲಿಲ್ಲ. ಹಣ್ಣಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಮುಖ ಸುಣ್ಣ ಬಳಿದ ಹಾಗೆ ಮಾಡಿಕೊಂಡು ಕೂತಿದ್ದರು. ತಮ್ಮನ ಮೇಲಿನ ಅಭಿಮಾನ ಉಕ್ಕಿಬಂದಿದೆ ಅಂದುಕೊಂಡೆ. ಕರುಣರಸ ಕೆಲಸ ಮಾಡಿತು ಅಂತ ಒಳಗೊಳಗೇ ಖುಷಿಪಟ್ಟೆ. ಎಂಥ ಮಂಗ ನಾನು!

ಊಟದ ಹೊತ್ತಿಗೆ ಹಾಲಿನ ಹಿಂಭಾಗದಲ್ಲಿ ಬಿಸಿಬೇಳೆಬಾತಿನ ಕ್ಯೂ. ಮುನಿರಾಜು ಎರಡು ತಟ್ಟೆ ಹಿಡಿದು, ಒಂದನ್ನು ಜಯಮ್ಮನವರಿಗೆ ಕೊಡಲು ಹೋದರು. ನಾನೂ ಹೊಗಳಿಕೆ ಕೇಳಿಸಿಕೊಳ್ಳೋಕೆ ಅಂತ ಹಿಂದೆಯೇ ಹೋದೆ. ಆಕೆ ತಟ್ಟೆ ತೆಗೆದುಕೊಳ್ಳಲಿಲ್ಲ.

"ಮುನಿರಾಜು, ಕಡಿದ್ರಾ ಅವನ್ನ?"

"ಅಕ್ಕಾ?"

"ಗುಂಡು ಅಂದಿದ್ರಲ್ಲಪ್ಪ ನಂಗೆ. ಕಡಿದ್ರಾ? ಅದಕ್ಕೇ ಪೆಟ್ಟಿಗೆ ತೆಗೀಬೇಡಿ ಅಂದಿದ್ದಾ? ತೋಟದಷ್ಟು ರಕ್ತ ಅಂದ್ಯಲ್ಲ, ಎಷ್ಟು ಹೊತ್ತು ಒದ್ದಾಡ್ದ ಅವನು?"

ನನ್ನ ಹೆಸರು ಹೇಳಿದ್ದರೆ ಮುನಿರಾಜು ಅಲ್ಲೇ ಪಾರಾಗುತ್ತಿದ್ದರು. ಹೇಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಇಲ್ಲ ಅಕ್ಕ, ಹಂಗೇನಿಲ್ಲ. ಅದು... ಅದು ಅಲಂಕಾರ ಅಕ್ಕ."

"ಅಲಂಕಾರನಾ?" ಜಯಮ್ಮನವರ ದನಿ ಏರಿತು. ಸಾಂಬಾರು ಬಡಿಸುವವನು ಸೌಟು ನಿಲ್ಲಿಸಿದ. "ಅಲಂಕಾರ ಮಾಡಕ್ಕೆ ಅವನೇನು ಉತ್ಸವಮೂರ್ತಿನಾ? ನಮ್ಮನೆ ಹುಡುಗ ಹೆಂಗೆ ಸತ್ತ ಅಂತ ಇಷ್ಟು ವರ್ಷ ಕಾದ್ರೆ, ಅಲಂಕಾರ ಅಂತೀಯಲ್ಲೋ!"

ನನಗೆ ಅವಮಾನ ಆಗಿದ್ದು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಈ ಹೆಂಗಸು ಇವತ್ತು ಮನೆಗೆ ಹೋಗಿ, ಇನ್ನಿರುವಷ್ಟು ವರ್ಷ ಕಣ್ಣು ಮುಚ್ಚಿದಾಗೆಲ್ಲ ನನ್ನ ಬಾಳೆಯನ್ನೂ ನನ್ನ ದಾಸವಾಳವನ್ನೂ ನೋಡುತ್ತಾರಲ್ಲ! ಮಾತ್ರೆ ಸರಿಯಾಗಿದೆಯಾ ಅಂತ ನಾನು ನೂರು ಸಲ ನೋಡಿದ್ದೆ. ಇದನ್ನು ಕೇಳಿಸಿಕೊಳ್ಳೋದು ಯಾರು ಅಂತ ಒಂದು ಸಲವೂ ನೋಡಿರಲಿಲ್ಲ.

"ಅದು ಅವರು ಬರೆದಿದ್ದಲ್ಲಮ್ಮ" ಅಂದೆ. "ನಾನು ಬರೆದಿದ್ದು. ಯಾರೂ ಕಡೀಲಿಲ್ಲ. ತೋಟನೂ ಇಲ್ಲ, ದಾಸವಾಳನೂ ಇಲ್ಲ. ಎಲ್ಲ ನಂದೇ."

"ನೀವು ಅಲ್ಲಿದ್ರಾ?"

"ಇಲ್ಲ."

"ಮತ್ತೆ ನಿಮಗ್ಯಾಕೆ ಬೇಕಿತ್ತು?"

ಮೂವತ್ತೆರಡು ವರ್ಷದಲ್ಲಿ ಯಾವ ಇನ್ಸ್‌ಪೆಕ್ಟರೂ ನನಗೆ ಇಷ್ಟು ಕಷ್ಟದ ಪ್ರಶ್ನೆ ಕೇಳಿರಲಿಲ್ಲ. ಬ್ಯಾಗು ತೆಗೆದೆ. ತಿದ್ದಿದ ಪೇಪರು ಬಿಸಾಡುವ ಅಭ್ಯಾಸ ನನಗಿಲ್ಲ. ಕ್ಯಾಲೆಂಡರ್ ಹಾಳೆ ಪೆನ್ನಿನ ಪಕ್ಕದಲ್ಲೇ ಇತ್ತು. ಮುನಿರಾಜು ಅವರ ಕೈಗೆ ಕೊಟ್ಟೆ. ಅವರು ತಟ್ಟೆ ಕೆಳಗಿಟ್ಟು, ಅಟೆನ್ಷನ್‌ನಲ್ಲಿ ನಿಂತು, "ಗುಡ್ಡದ ಮೇಲೆ ಕೂತಿದ್ವಿ" ಅಂದರು. ಅಲ್ಲಿಗೆ ನಿಂತಿತು. ಇನ್ನೊಂದು ಸಲ "ಗುಡ್ಡದ ಮೇಲೆ" ಅಂದರು. ಆಗಲಿಲ್ಲ. ಹಾಳೆ ನನಗೇ ವಾಪಸ್ ಕೊಟ್ಟರು.

ನಾನು ಓದಿದೆ. ಉಕ್ತಲೇಖನ ಕೊಡುವ ನನ್ನ ದನಿ ಬಿಟ್ಟರೆ ನನಗೆ ಬೇರೆ ದನಿ ಗೊತ್ತಿಲ್ಲ, ಅದರಲ್ಲೇ ಓದಿದೆ. ಬಸ್ಸಿನ ಸಾಲು ಬಂದಾಗ ಕಣ್ಣಿಗೆ ಕಾಣಲಿಲ್ಲ. ಅಷ್ಟು ಜೋರಾಗಿ ಹೊಡೆದು ಹಾಕಿದ್ದೆ. ಕಿಟಕಿಯ ಬೆಳಕಿಗೆ ಹಿಡಿದು, ನನ್ನ ಕೆಂಪು ಗೆರೆಯ ಕೆಳಗೆ ಅವರ ಪೆನ್ಸಿಲ್ಲು ಹುಡುಕಿ ಹುಡುಕಿ ಓದಬೇಕಾಯಿತು. ಬಸ್ಸಲ್ಲಿ ನಿದ್ದೆ ಬಂದವನ ಹಾಗೆ. ನನ್ನ ಎಡ ಭುಜಕ್ಕೆ ತಲೆ ಇಟ್ಟ.

ಜಯಮ್ಮ ನಕ್ಕುಬಿಟ್ಟರು.

ನಿಜವಾಗಿ ನಕ್ಕರು. ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು, ಮೈಯೆಲ್ಲ ಕುಲುಕಿಸಿಕೊಂಡು. "ಅಯ್ಯೋ ನನ್ನಪ್ಪನೇ! ಅದೇ ಅವನು! ಬಸ್ ಹತ್ತಿದ್ರೆ ಸಾಕು, ಮಾರ್ಕೆಟ್ ದಾಟಲ್ಲ, ತಲೆ ಒರಗಿಸ್ಬಿಡೋನು. ಪಕ್ಕದಲ್ಲಿರೋರು ಯಾರೋ ಏನೋ ನೋಡ್ತಿರ್ಲಿಲ್ಲ. ಒಂದ್ಸಲ ಪೊಲೀಸ್‌ನೋರ ಮೇಲೇ ಮಲಗ್ಬಿಟ್ಟಿದ್ದ. ಎಷ್ಟು ಸಲ ಡಿಪೋವರೆಗೂ ಹೋಗಿ ಕರ್ಕೊಂಡ್ಬಂದಿದ್ದೀನಿ!" ಕಣ್ಣು ಒರೆಸಿಕೊಂಡರು. ಆಮೇಲೆ ನಗು ಸಣ್ಣಗಾಯಿತು. "ಸ್ಟಾಪ್ ಬಂತು ಏಳೋ. ಅದು ನನ್ ಮಾತಲ್ವಾ?"

"ಹೌದಕ್ಕ" ಅಂದರು ಮುನಿರಾಜು. ಈಗ ಅವರಿಗೆ ಬಾಯಿ ಬಂತು. "ಅವನೇ ಹೇಳಿದ್ದ. ಬಂಕರಲ್ಲಿ ಡ್ಯೂಟಿಗೆ ಎಬ್ಬಿಸ್ಬೇಕು ಅಂದ್ರೆ ನಾವೆಲ್ಲ ಹಂಗೇ ಕೂಗ್ತಿದ್ವಿ. ಪಂಜಾಬಿನವರೂ ಕಲ್ತಿದ್ರು, ಸ್ಟಾಪ್ ಬಂತು ಏಳೋ ಅಂತ. ಅದಕ್ಕಾದ್ರೆ ಏಳೋನು."

"ನೋವಾಯ್ತಾ ಅವನಿಗೆ?"

"ಗೊತ್ತೇ ಆಗ್ಲಿಲ್ಲ ಅಕ್ಕ. ಮಾತಾಡ್ತಾ ಇದ್ದ. ಈಗ ನಮ್ಮಕ್ಕ ಹಿದಕಿದಬೇಳೆ ಸಾರು ಮಾಡಿರ್ತಾಳೆ ಅಂದ. ಅಷ್ಟೇ."

"ಮಾಡಿದ್ದೆ" ಅಂದರು ಜಯಮ್ಮ. "ಡಿಸೆಂಬರ್ ಅಲ್ವಾ, ಮಾಡೇ ಇರ್ತೀನಿ." ಕೈ ಚಾಚಿ, ಮುನಿರಾಜು ಅವರ ಎಡ ಭುಜದ ಮೇಲೆ ಅಂಗೈ ಇಟ್ಟರು. ಇಸ್ತ್ರಿ ಮಾಡಿದ ಆ ಬಿಳಿ ಶರ್ಟನ್ನು ಮೆಲ್ಲಗೆ ಒಂದೆರಡು ಸಲ ಸವರಿದರು. ಅಲ್ಲಿ ನಿಂತು ನಾನು ಅತ್ತೆ. ಬಡಿಸುವವನು ಖಾರ ಜಾಸ್ತಿ ಆಯ್ತೇನೋ ಅಂತ ನನಗೊಂದು ಜಾಮೂನು ಹಾಕಿದ.

ಆಮೇಲೆ ಜಯಮ್ಮ ಹಾಳೆ ಇಸಿದುಕೊಂಡು ನೋಡಿದರು. "ಇದ್ಯಾಕೆ ಇಷ್ಟು ಕೆಂಪು?" ಕೆಳಗಿನ ತುದಿಗೆ ಬಂದು ಕಣ್ಣು ಕಿರಿದು ಮಾಡಿದರು. "ನಾಲ್ಕೂವರೆನಾ? ಏನ್ ಮಿಸ್, ಪಾಸೂ ಮಾಡ್ಲಿಲ್ವಾ?"

"ಮೂವತ್ತೈದಕ್ಕೇ ಪಾಸು ಅಮ್ಮ" ಅಂದೆ.

ಹಾಳೆಯನ್ನು ಮತ್ತೆ ಎಂಟಾಗಿ ಮಡಿಚಿ ತಮ್ಮ ಬಟ್ಟೆ ಚೀಲಕ್ಕೆ ಹಾಕಿಕೊಂಡರು. ನನ್ನ ಸಹಿ ಸಮೇತ ಅದು ಈಗ ಶ್ರೀನಗರದಲ್ಲಿದೆ. ತಮ್ಮನ ಫೋಟೋದ ಹಿಂದೆ ಇಟ್ಟಿದ್ದಾರಂತೆ. ನೆನೆಸಿಕೊಂಡರೆ ಈಗಲೂ ಮೈ ಬಿಸಿಯಾಗುತ್ತೆ.

ಎರಡೂವರೆಗೆ ಮುನಿರಾಜು ಜಯಮ್ಮನವರನ್ನು ಮನೆಗೆ ಬಿಡಲು ಹೊರಟರು. ಹಾಲಿನಿಂದ ನನ್ನ ಮನೆ ಹತ್ತು ಹೆಜ್ಜೆ. ಮಧ್ಯಾಹ್ನ ಇನ್ನೂ ಹನ್ನೊಂದು ಕವಿಗಳಿದ್ದರು, ನಾನು ಅಧ್ಯಕ್ಷೆ. ಆದರೂ ಬೆಲ್ಲು ಪಕ್ಕದವರ ಕೈಗೆ ಕೊಟ್ಟು ನಾನೂ ಶ್ರೀನಗರದ ಬಸ್ಸು ಹತ್ತಿದೆ. ಯಾಕೆ ಅಂತ ಅವರಿಬ್ಬರೂ ಕೇಳಲಿಲ್ಲ. ಹೆಂಗಸರು ಅಂತ ನನಗೂ ಜಯಮ್ಮನವರಿಗೂ ಫ್ರೀ ಟಿಕೆಟ್ಟು, ಮುನಿರಾಜು ಒಬ್ಬರೇ ದುಡ್ಡು ಕೊಟ್ಟರು. ಬಸ್ಸು ಖಾಲಿ ಇತ್ತು. ಅವರಿಬ್ಬರೂ ಒಂದು ಸೀಟಿನಲ್ಲಿ ಕೂತರು, ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಹಣ್ಣಿನ ಬುಟ್ಟಿ.

ಊಟದ ಭಾರ, ಬಿಸಿಲು, ಕಿಟಕಿಯ ಗಾಳಿ. ಎರಡು ಸ್ಟಾಪು ದಾಟುವುದರೊಳಗೆ ಜಯಮ್ಮನವರ ತಲೆ ಒಮ್ಮೆ ಮುಂದೆ ಬಿತ್ತು, ಒಮ್ಮೆ ಕಿಟಕಿಗೆ ತಾಗಿತು, ಆಮೇಲೆ ನಿಧಾನವಾಗಿ ಬಂದು ಮುನಿರಾಜು ಅವರ ಎಡ ಭುಜದ ಮೇಲೆ ಕೂತಿತು. ಮನೆತನದ ಅಭ್ಯಾಸ. ಮುನಿರಾಜು ಅಲ್ಲಾಡಲಿಲ್ಲ. ಬಸ್ಸು ರೋಡ್ ಹಂಪಿನ ಮೇಲೆ ಹಾರಿದಾಗಲೂ ಆ ಭುಜ ಮಾತ್ರ ಹಾಗೇ ಇತ್ತು. ಹಿಂದಿನಿಂದ ನನಗೆ ಅವರ ಕತ್ತು ಕಾಣುತ್ತಿತ್ತು, ನರ ಉಬ್ಬಿತ್ತು.

ಸ್ಟಾಪು ಹತ್ತಿರ ಬಂತು. ಕಂಡಕ್ಟರ್ ಕೂಗಿದ. ಮುನಿರಾಜು ಬಾಯಿ ತೆರೆದರು, ಮಾತು ಬರಲಿಲ್ಲ. ಅವರಿಗೆ ಏನಾಗುತ್ತಿದೆ ಅಂತ ಈ ಸಲ ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಎಬ್ಬಿಸಲಾ ಅಂತ ಕೈ ಎತ್ತಿದೆ. ಬೇಡ ಅಂತ ಕೈ ಇಳಿಸಿದೆ.

"ಅಕ್ಕ" ಅಂದರು, ಪಿಸುಮಾತಿನಲ್ಲಿ. "ಸ್ಟಾಪ್ ಬಂತು."

ಜಯಮ್ಮ ಮಿಸುಕಲಿಲ್ಲ.

"ಅಕ್ಕ, ಸ್ಟಾಪ್ ಬಂತು."

ಇಲ್ಲ. ಎಪ್ಪತ್ತು ವರ್ಷ, ಬೆಳಗಿನಿಂದ ಇಷ್ಟೆಲ್ಲ ಆಗಿದೆ, ದೇವರೇ.

"ಅಕ್ಕಾ! ಸ್ಟಾಪ್ ಬಂತು, ಏಳಿ!!"

ಪೆರೇಡ್ ಮೈದಾನದ ದನಿ. ಡ್ರೈವರ್ ಗಡಕ್ಕನೆ ಬ್ರೇಕ್ ಹಾಕಿದ. ನನ್ನ ತೊಡೆಯ ಮೇಲಿದ್ದ ಬುಟ್ಟಿ ಹಾರಿ ಮೂಸಂಬಿಗಳು ಬಸ್ಸಿನ ತುಂಬ ಉರುಳಿದವು. ಜಯಮ್ಮ ಬೆಚ್ಚಿಬಿದ್ದು ಎದ್ದು ನಿಂತರು.

"ಯಾಕೋ ಹಂಗೆ ಕಿರುಚ್ತೀಯ? ನಾನೇನು ಕಿವುಡೀನಾ?" ಅಂದು, ಸೆರಗು ಸರಿಮಾಡಿಕೊಂಡು, ಬಟ್ಟೆ ಚೀಲ ಹಿಡಿದು, "ಹಣ್ಣು ಆರಿಸ್ಕೊಂಡು ಬನ್ರಿ ಮಿಸ್" ಅಂತ ನನಗೆ ಆರ್ಡರ್ ಮಾಡಿ ದಡದಡ ಇಳಿದುಹೋದರು.

ಮುನಿರಾಜು ಸೀಟಿನಲ್ಲೇ ಕೂತಿದ್ದರು. ಕಂಡಕ್ಟರ್ ಬೇಗ ಬೇಗ ಅಂತಿದ್ದ. ನಾನು ಸೀಟಿನ ಕೆಳಗೆ ಬಗ್ಗಿ ಮೂಸಂಬಿ ಹುಡುಕುತ್ತಿದ್ದವಳು ತಲೆ ಎತ್ತಿ ನೋಡಿದೆ. ಅವರ ಕೆನ್ನೆಯ ಮೇಲೆ ನೀರು ಧಾರಾಕಾರ ಇಳಿಯುತ್ತಿತ್ತು, ಬಾಯಿ ಮಾತ್ರ ಕಿವಿಯವರೆಗೂ ನಗುತ್ತಿತ್ತು. ಯಾವ ಒನ್ ಟೂ ಥ್ರೀಯೂ ಇಲ್ಲದ ನಗು.

"ಎದ್ರು ಮಿಸ್" ಅಂದರು.

"ಹೂಂ, ಎದ್ರು" ಅಂದೆ ನಾನು.